ಬೀಡಿ ಮುಟ್ಟದವಳ ಶ್ವಾಸಕೋಶ

ಹಂಪಿಯ ಹಜಾರರಾಮ ದೇವಾಲಯದ ಬಳಿಯ ಹಳೆಯ ಬೀದಿಯೊಂದಕ್ಕೆ ಪಾನ್ ಸುಪಾರಿ ಬಜಾರ್ ಎಂದು ಹೆಸರು. 1426ರಲ್ಲಿ ಎರಡನೇ ದೇವರಾಯ ಇಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದಾಗ ಹಾಕಿಸಿದ ಶಾಸನದಲ್ಲೇ ಈ ಎಲೆ ಅಡಿಕೆ ಬೀದಿಯ ಉಲ್ಲೇಖವಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿನವರ ತಾಂಬೂಲದ ಹವ್ಯಾಸವನ್ನು ಬೆರಗಿನಿಂದ ಬಣ್ಣಿಸಿದ್ದಾನೆ. ಆದರೆ ಆ ಕಾಲದ ಬಜಾರಿನಲ್ಲಿ ಎಷ್ಟು ಹುಡುಕಿದರೂ ಸಿಗದ ವಸ್ತುವೊಂದಿತ್ತು. ಅದೇ ತಂಬಾಕು.

ತಂಬಾಕು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗಿನಲ್ಲಿ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂತು. 1565ರ ಯುದ್ಧದಲ್ಲಿ ವಿಜಯನಗರ ಹಾಳಾದ ಮೇಲೆ, 17ನೇ ಶತಮಾನದ ಆರಂಭದಲ್ಲಿ, ಮೊಗಲರ ರಾಯಭಾರಿ ಅಸದ್ ಬೇಗ್ ಬಿಜಾಪುರದಲ್ಲಿ ಈ ಹೊಸ ಎಲೆಯನ್ನು ಕಂಡ. ರತ್ನಖಚಿತ ಕೊಳವೆಯೊಂದಿಗೆ ಅದನ್ನು ಅಕ್ಬರನ ಆಸ್ಥಾನಕ್ಕೆ ಒಯ್ದ. ವೈದ್ಯರು ಬೇಡವೆಂದರೂ ಅಕ್ಬರ್ ಒಂದೆರಡು ದಮ್ಮು ಎಳೆದು ನೋಡಿದನಂತೆ. ಅವನ ಮಗ ಜಹಾಂಗೀರ್ 1617ರಲ್ಲಿ ಧೂಮಪಾನವನ್ನು ನಿಷೇಧಿಸಿದ. ಆದರೆ ಹೊಗೆ ಅರಮನೆಯಿಂದ ಹಟ್ಟಿಯವರೆಗೂ ಹಬ್ಬಿತು.

ಹಬ್ಬಿದ್ದು ಮಾತ್ರ ಒಂದೇ ಬಗೆಯಲ್ಲಿ ಅಲ್ಲ. ಹೊಲದ ಬದುವಿನಲ್ಲಿ, ಚಹಾದಂಗಡಿಯ ಮುಂದೆ ಬೀಡಿ ಹಚ್ಚಿದವನು ಗಂಡಸು. ಹೆಣ್ಣು ಸೇದಿದರೆ ಊರು ಆಡಿಕೊಳ್ಳುತ್ತದೆ. ಎಲೆ ಅಡಿಕೆಯ ಜತೆ ಕಡ್ಡಿಪುಡಿ ಹಾಕಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಅಂಕಿಗಳಲ್ಲಿ ಈ ರೂಢಿ ಎದ್ದು ಕಾಣುತ್ತದೆ. ದೇಶದಲ್ಲಿ ತಂಬಾಕು ಸೇದುವ ಗಂಡಸರು ಶೇ. 19, ಹೆಂಗಸರು ಶೇ. 2 ಮಾತ್ರ. ಹೊಗೆಯಿಲ್ಲದ ತಂಬಾಕು ಬಳಸುವ ಹೆಂಗಸರು ಶೇ. 12.8ರಷ್ಟಿದ್ದಾರೆ. ಜಗಿಯುವ ತಂಬಾಕು ಮುಖ್ಯವಾಗಿ ಬಾಯಿಗೆ ಕುತ್ತು ತಂದರೆ, ಸೇದುವ ತಂಬಾಕು ಶ್ವಾಸಕೋಶಕ್ಕೆ ಕುತ್ತು ತರುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಗಂಡಸರಲ್ಲಿ ಹೆಚ್ಚಾಗಿರಲು ಇದೇ ಮೊದಲ ಕಾರಣ. 2020ರ ಜಾಗತಿಕ ಅಂದಾಜಿನಂತೆ ಲಕ್ಷ ಗಂಡಸರಲ್ಲಿ ಸುಮಾರು 31 ಮಂದಿಗೆ ಈ ರೋಗ ಬಂದರೆ, ಲಕ್ಷ ಹೆಂಗಸರಲ್ಲಿ ಬಂದದ್ದು ಸುಮಾರು 15 ಮಂದಿಗೆ.

ಹಾಗಾದರೆ ಹೆಣ್ಣಿನ ದೇಹಕ್ಕೇ ಏನಾದರೂ ರಕ್ಷಣೆ ಇದೆಯೇ? ಇಲ್ಲ ಎನ್ನುತ್ತದೆ ಅಮೆರಿಕದ ಚರಿತ್ರೆ. ಅಲ್ಲಿ 1929ರಲ್ಲಿ ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ಯುವತಿಯರ ಕೈಗೆ ಸಿಗರೇಟು ಕೊಟ್ಟು, ಅದನ್ನು ಸ್ವಾತಂತ್ರ್ಯದ ಪಂಜು ಎಂದು ಪ್ರಚಾರ ಮಾಡಲಾಯಿತು. ಸಿಗರೇಟಿನ ವ್ಯಾಪಾರ ಬೆಳೆಯಿತು, ದಶಕಗಳ ನಂತರ ಫಲವೂ ಬಂತು. 1987ರ ಹೊತ್ತಿಗೆ ಅಲ್ಲಿನ ಹೆಂಗಸರನ್ನು ಕೊಲ್ಲುವ ಕ್ಯಾನ್ಸರುಗಳಲ್ಲಿ ಶ್ವಾಸಕೋಶದ್ದು ಸ್ತನದ ಕ್ಯಾನ್ಸರನ್ನೂ ಮೀರಿಸಿತ್ತು.

ಇದಕ್ಕೆ ತದ್ವಿರುದ್ಧವಾದ ವಾದವೂ ಬಂತು. ಅಷ್ಟೇ ಸಿಗರೇಟು ಸೇದಿದರೂ ಹೆಂಗಸರಿಗೇ ಅಪಾಯ ಹೆಚ್ಚು ಎಂದು 1996ರಲ್ಲಿ ಅಮೆರಿಕದ ಅಧ್ಯಯನವೊಂದು ಹೇಳಿತು. ಆದರೆ ನರ್ಸುಗಳನ್ನೂ ಆರೋಗ್ಯ ವೃತ್ತಿಯ ಗಂಡಸರನ್ನೂ ವರ್ಷಗಟ್ಟಲೆ ಗಮನಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಈಸ್ಟ್ರೋಜೆನ್ ಹಾರ್ಮೋನಿನ ಪಾತ್ರದ ಬಗ್ಗೆ ಸಂಶೋಧನೆ ಇನ್ನೂ ನಡೆಯುತ್ತಿದೆ. ಆದರೂ ಹೊಗೆಯ ಮುಂದೆ ಗಂಡು ಹೆಣ್ಣು ಎಂಬ ಭೇದ ದೊಡ್ಡದಲ್ಲ ಎಂಬುದು ಸ್ಪಷ್ಟ.

ನಮ್ಮ ಕಡೆಯ ನಿಜವಾದ ಪ್ರಶ್ನೆ ಬೇರೆಯೇ ಇದೆ. ಶ್ವಾಸಕೋಶದ ಕ್ಯಾನ್ಸರ್ ಬಂದ ಭಾರತೀಯ ಮಹಿಳೆಯರಲ್ಲಿ ಬಹುಪಾಲು ಮಂದಿ ಜೀವನದಲ್ಲಿ ಒಂದು ಬೀಡಿಯನ್ನೂ ಮುಟ್ಟಿದವರಲ್ಲ. ಇವರಿಗೆ ರೋಗ ಎಲ್ಲಿಂದ ಬಂತು?

ಮೊದಲ ಉತ್ತರ ಪಕ್ಕದಲ್ಲೇ ಕೂತು ಸೇದುವ ಗಂಡನಲ್ಲಿದೆ. ಜಪಾನಿನ ತಕೇಶಿ ಹಿರಾಯಾಮಾ ತಾವು ಸೇದದ 91 ಸಾವಿರಕ್ಕೂ ಹೆಚ್ಚು ಗೃಹಿಣಿಯರನ್ನು 14 ವರ್ಷ ಗಮನಿಸಿ 1981ರಲ್ಲಿ ವರದಿ ಕೊಟ್ಟರು. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚು ಎಂಬುದು ಅದರ ಸಾರ.

ಎರಡನೆಯ ಉತ್ತರ ಒಲೆಯಲ್ಲಿದೆ. ತುಂಗಭದ್ರೆಯ ನೀರು ಹರಿದು ಕಂಪ್ಲಿಯ ಸುತ್ತ ಭತ್ತ, ಕಬ್ಬು ಹಸಿರಾಗಿವೆ. ಆದರೆ ಆ ಅಕ್ಕಿ ಬೇಯುತ್ತಿದ್ದುದು ಬಹುಕಾಲ ಸೌದೆಯ ಒಲೆಯ ಮೇಲೆ. ಬಯಲಿನಲ್ಲಿ ತಾನಾಗಿ ಹಬ್ಬಿದ ಬಳ್ಳಾರಿ ಜಾಲಿಯೇ ಬಡವರ ಉರುವಲು. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಊದುಗೊಳವೆ ಹಿಡಿದು ಕೂತವಳು, ಪಕ್ಕದಲ್ಲಿ ಆಡುವ ಕೂಸು ಇಬ್ಬರೂ ಆ ಹೊಗೆಯನ್ನೇ ಉಸಿರಾಡಿದರು. ಮನೆಯೊಳಗೆ ಉರಿಸುವ ಕಲ್ಲಿದ್ದಲಿನ ಹೊಗೆ ಕ್ಯಾನ್ಸರ್ ತರುವುದು ಖಚಿತ, ಸೌದೆಯ ಹೊಗೆ ತರುವ ಸಂಭವ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2006ರಲ್ಲಿ ತೀರ್ಮಾನಿಸಿತು. 2016ರಿಂದ ಉಜ್ವಲಾ ಯೋಜನೆಯಲ್ಲಿ ಬಡ ಮನೆಗಳಿಗೂ ಗ್ಯಾಸ್ ಬಂತು. ಆದರೆ ಸಿಲಿಂಡರ್ ತುಂಬಿಸಲು ದುಡ್ಡಿಲ್ಲದ ತಿಂಗಳು ಸೌದೆಯೇ ಗತಿ.

ಮೂರನೆಯದು ದುಡಿಮೆ. ಕಾನೂನು ಹೆಂಗಸರನ್ನು ಭೂಗರ್ಭದ ಗಣಿಗೆ ಇಳಿಯದಂತೆ 1952ರಲ್ಲೇ ತಡೆಯಿತು. ಆದರೆ ಸಂಡೂರಿನ ಕಬ್ಬಿಣ, ಮ್ಯಾಂಗನೀಸ್ ಗಣಿಗಳು ಬಯಲು ಗಣಿಗಳು. ಅಲ್ಲಿ ಅದಿರು ಒಡೆಯುವ, ಆರಿಸುವ ಕೆಲಸದಲ್ಲಿ ಹೆಂಗಸರಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕುವವರೆಗೆ ಹೊಸಪೇಟೆ ರಸ್ತೆಗಳಲ್ಲಿ ಅದಿರು ಲಾರಿಗಳ ಸಾಲು ನಿಲ್ಲುತ್ತಲೇ ಇರಲಿಲ್ಲ. ಮರಗಿಡ, ಮನೆಯ ಮಾಡು ಎಲ್ಲವೂ ಕೆಂಪು. ಆ ಕೆಂಪು ದೂಳೇ ಕ್ಯಾನ್ಸರ್ ತಂದಿತು ಎನ್ನಲಾಗದು. ಆದರೆ ಕಲ್ಲಿನ ದೂಳಿನಲ್ಲಿರುವ ಸಿಲಿಕಾವನ್ನು 1997ರಲ್ಲಿ, ಡೀಸೆಲ್ ಹೊಗೆಯನ್ನು 2012ರಲ್ಲಿ ಅದೇ ಸಂಸ್ಥೆ ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ.

ಇನ್ನೊಂದು ಸಂಗತಿ 2004ರಲ್ಲಿ ಬೆಳಕಿಗೆ ಬಂತು. ಸೇದದ ಏಷ್ಯಾದ ಮಹಿಳೆಯರ ಗೆಡ್ಡೆಗಳಲ್ಲಿ ಇಜಿಎಫ್‌ಆರ್ ಎಂಬ ಜೀನಿನ ಬದಲಾವಣೆ ಹೆಚ್ಚಾಗಿ ಕಾಣುತ್ತದೆ. ಇಂಥ ರೋಗಿಗಳಿಗೆ ಇಂದು ಮಾತ್ರೆಯ ರೂಪದ ಔಷಧ ಚೆನ್ನಾಗಿ ನಾಟುತ್ತದೆ. ಆದರೆ ರೋಗ ಗೊತ್ತಾಗಬೇಕಲ್ಲ?

ತೊಡಕು ಇರುವುದು ಅಲ್ಲೇ. ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು ಇವೆಲ್ಲ ಕ್ಷಯದ ಲಕ್ಷಣಗಳೂ ಹೌದು. ಕ್ಷಯದ ಮದ್ದಿನಲ್ಲೇ ತಿಂಗಳುಗಳು ಕಳೆದುಹೋಗುವ ರೋಗಿಗಳು ಕಡಿಮೆಯಲ್ಲ. ಬೀಡಿ ಸೇದುತ್ತೀರಾ ಎಂದು ಕೇಳಿದಾಗ ಹೆಂಗಸು ಇಲ್ಲ ಎನ್ನುತ್ತಾಳೆ. ಆ ಉತ್ತರ ಸತ್ಯ. ಆದರೆ ಕ್ಯಾನ್ಸರಿನ ಅನುಮಾನ ಅಲ್ಲಿಗೇ ಮುಗಿಯಬಾರದು. ಮನೆಯಲ್ಲಿ ಸೇದುವವರು ಯಾರು, ಯಾವ ಒಲೆಯಲ್ಲಿ ಎಷ್ಟು ವರ್ಷ ಅಡುಗೆ ಮಾಡಿದಿರಿ, ಎಲ್ಲಿ ಕೂಲಿಗೆ ಹೋಗುತ್ತಿದ್ದಿರಿ ಎಂಬ ಮೂರು ಪ್ರಶ್ನೆಗಳನ್ನೂ ಕೇಳಬೇಕು. ಅವಳು ಬೀಡಿ ಹಚ್ಚಲಿಲ್ಲ, ನಿಜ. ಹೊಗೆ ಕುಡಿಯಲಿಲ್ಲ ಎಂದು ಹೇಳುವುದು ಮಾತ್ರ ಕಷ್ಟ.