ಅಂಗಾಂಶ ಹೊಂದಾಣಿಕೆ

ಒಬ್ಬರ ದೇಹದ ಅಂಗವನ್ನೋ ಅಸ್ಥಿಮಜ್ಜೆಯನ್ನೋ ಇನ್ನೊಬ್ಬರಿಗೆ ಕಸಿ ಮಾಡಿದಾಗ, ಪಡೆದವರ ರೋಗನಿರೋಧಕ ವ್ಯವಸ್ಥೆ ಅದನ್ನು ಪರಕೀಯವೆಂದು ತಿರಸ್ಕರಿಸದಷ್ಟು ಮಟ್ಟಿಗೆ ಇಬ್ಬರ ನಡುವೆ ಇರುವ ಜೈವಿಕ ಸಾಮ್ಯ. ಇದನ್ನು ಮುಖ್ಯವಾಗಿ ನಿರ್ಧರಿಸುವುದು ಆರನೆಯ ವರ್ಣತಂತುವಿನ ಮೇಲಿರುವ ಎಚ್‌ಎಲ್‌ಎ ಜೀನುಗಳು. ಆಸ್ಪತ್ರೆಯಲ್ಲಿ ರೋಗಿಯ ಮನೆಯವರು ಆಡುವ ‘ಮ್ಯಾಚ್ ಆಯ್ತು’, ‘ಆಗಲಿಲ್ಲ’ ಎಂಬ ಮಾತಿನೊಳಗೆ ಮೂರು ಬೇರೆ ಪರೀಕ್ಷೆಗಳು ಬೆರೆತಿರುತ್ತವೆ: ರಕ್ತದ ಗುಂಪು, ಎಚ್‌ಎಲ್‌ಎ ಮಾದರಿ, ಕ್ರಾಸ್‌ಮ್ಯಾಚ್. ರಕ್ತದ ಗುಂಪು ಒಂದೇ ಆದ ಮಾತ್ರಕ್ಕೆ ಅಂಗಾಂಶ ಹೊಂದುವುದಿಲ್ಲ. ಎಚ್‌ಎಲ್‌ಎ ಸಾಕಷ್ಟು ಕೂಡಿಬಂದರೂ ಪಡೆಯುವವರ ರಕ್ತದಲ್ಲಿ ದಾನಿಯ ವಿರುದ್ಧ ಪ್ರತಿಕಾಯಗಳಿದ್ದರೆ ಕ್ರಾಸ್‌ಮ್ಯಾಚ್ ಕಸಿಯನ್ನು ತಡೆಯಬಹುದು.

ಆರಂಭದ ಚರಿತ್ರೆ ಹೆಚ್ಚಾಗಿ ಇಲಿಗಳದು. ಪೀಟರ್ ಗೋರರ್ 1936ರಲ್ಲಿ ಲಂಡನ್‌ನಲ್ಲಿ ಗುರುತಿಸಿದ ಒಂದು ಪ್ರತಿಜನಕವನ್ನು (ಪ್ರತಿಕಾಯ ಹುಟ್ಟಿಸುವ ವಸ್ತು) ಹಿಡಿದು ಅಮೆರಿಕದ ಜಾರ್ಜ್ ಸ್ನೆಲ್ ಇಲಿಗಳ ಹೊಂದಾಣಿಕೆ ಜೀನುಗಳನ್ನು ಬಿಡಿಸಿದರು. ಮನುಷ್ಯರಲ್ಲಿ ಇಂಥ ಮೊದಲ ಪ್ರತಿಜನಕವನ್ನು 1958ರಲ್ಲಿ ಪ್ಯಾರಿಸ್‌ನ ಜಾನ್ ಡೋಸೆ ವಿವರಿಸಿದರು. ಅವರು ಬಳಸಿದ್ದು ಹಲವು ಸಲ ರಕ್ತ ಪಡೆದವರ ಸೀರಮ್. ಅದೇ ವರ್ಷ ಲೈಡನ್‌ನ ಯಾನ್ ಫಾನ್ ರೋಡ್, ಸ್ಟ್ಯಾನ್‌ಫರ್ಡ್‌ನ ರೋಸ್ ಪೇನ್ ಹಲವು ಮಕ್ಕಳನ್ನು ಹೆತ್ತ ತಾಯಂದಿರ ರಕ್ತದಲ್ಲೂ ಅಂಥ ಪ್ರತಿಕಾಯಗಳನ್ನು ಕಂಡರು. ಒಂದೇ ಪ್ರತಿಜನಕಕ್ಕೆ ಪ್ರಯೋಗಾಲಯಕ್ಕೊಂದು ಹೆಸರಿದ್ದ ಗೊಂದಲ 1964ರಿಂದ ನಡೆದ ಅಂತಾರಾಷ್ಟ್ರೀಯ ಕಾರ್ಯಾಗಾರಗಳಲ್ಲಿ ನಿಧಾನವಾಗಿ ತಿಳಿಯಾಯಿತು. ಸ್ನೆಲ್, ಡೋಸೆ ಮತ್ತು ಇದೇ ಕ್ಷೇತ್ರದ ಬೆನಾಸೆರಾಫ್ ಮೂವರಿಗೂ 1980ರ ನೊಬೆಲ್ ಬಂತು.

ಮಾಮೂಲಿ ಬರವಣಿಗೆಗಳು ಇಲ್ಲಿಂದ ನೇರವಾಗಿ ಇಂದಿನ ಡಿಎನ್‌ಎ ಪರೀಕ್ಷೆಗೆ ಜಿಗಿಯುತ್ತವೆ. ಕರ್ನಾಟಕದ ಮಟ್ಟಿಗೆ ನಿಜವಾದ ತಿರುವು ಬಂದದ್ದು ನಡುವೆ, ಒಂದು ಔಷಧಿಯಿಂದ. ಕಸಿಯ ತಿರಸ್ಕಾರವನ್ನು ಹತ್ತಿಕ್ಕುವ ಸೈಕ್ಲೋಸ್ಪೋರಿನ್ ಬಳಕೆಗೆ 1983ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆಮೇಲೆ ಅಂಗಾಂಶ ಅಷ್ಟಾಗಿ ಹೊಂದದ ಮೂತ್ರಪಿಂಡವೂ ಉಳಿಯತೊಡಗಿತು. ದಾನಿ ಒಡಹುಟ್ಟಿದವರೇ ಆಗಬೇಕೆಂಬ ವೈದ್ಯಕೀಯ ಒತ್ತಾಯ ಸಡಿಲವಾದಂತೆ ಸಂಬಂಧವೇ ಇಲ್ಲದ ಬಡವರ ಮೂತ್ರಪಿಂಡ ಮಾರಾಟದ ಸರಕಾಯಿತು. 1995ರ ಆರಂಭದಲ್ಲಿ ಬಯಲಾದ ಮೂತ್ರಪಿಂಡ ದಂಧೆಯಿಂದ ಬೆಂಗಳೂರಿನ ಹೆಸರು ಕೆಟ್ಟಿತು. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯನ್ನು ಕರ್ನಾಟಕ ಅಂಗೀಕರಿಸಿದ್ದು ಅದೇ ವರ್ಷ.

ಹೆಚ್ಚಿನ ಗೊಂದಲ ಹುಟ್ಟಿರುವುದು ಈ ಕಾಯ್ದೆಯ ‘ಹತ್ತಿರದ ಸಂಬಂಧಿ’ ಎಂಬ ಪಟ್ಟಿಯಿಂದ. ಗಂಡ ಅಥವಾ ಹೆಂಡತಿ, ತಂದೆ, ತಾಯಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ ಇಷ್ಟೇ ಮೊದಲ ಪಟ್ಟಿ. ಇದರ ಉದ್ದೇಶ ಮಾರಾಟವನ್ನು ತಡೆಯುವುದು, ಹೊಂದಾಣಿಕೆಯನ್ನು ಹೇಳುವುದಲ್ಲ. ಆದರೂ ಪಟ್ಟಿಯಲ್ಲಿರುವವರದು ಹೊಂದುತ್ತದೆ, ಉಳಿದವರದು ಹೊಂದುವುದಿಲ್ಲ ಎಂಬ ನಂಬಿಕೆ ಬೇರೂರಿದೆ. ಎಚ್‌ಎಲ್‌ಎ ಲೆಕ್ಕ ಬೇರೆಯೇ. ಮಗುವಿಗೆ ತಂದೆಯಿಂದ ಒಂದು, ತಾಯಿಯಿಂದ ಒಂದು ಜೀನುಗುಚ್ಛ ಬರುತ್ತದೆ. ಆದ್ದರಿಂದ ಹೆತ್ತವರದು ಸಾಮಾನ್ಯವಾಗಿ ಅರ್ಧ ಹೊಂದಾಣಿಕೆ. ಒಡಹುಟ್ಟಿದವರಲ್ಲಿ ಪೂರ್ಣ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಏನೂ ಹೊಂದದಿರುವ ಸಾಧ್ಯತೆಯೂ ಅಷ್ಟೇ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೇರಿದ ಹಳೇ ಮೈಸೂರು ಸೀಮೆಯಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಎಳೆ ಸೇರುತ್ತದೆ. ಅಕ್ಕನ ಮಗಳನ್ನು, ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳನ್ನು ಮದುವೆಯಾಗುವ ರೂಢಿ ಇಲ್ಲಿ ಹಳೆಯದು. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಅಲನ್ ಬಿಟಲ್ಸ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಕಲೆಹಾಕಿದ ಮಾಹಿತಿಯಲ್ಲಿ ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದೊಳಗಿನದು. ಅವರ ಗಮನವಿದ್ದದ್ದು ಆನುವಂಶಿಕ ಕಾಯಿಲೆಗಳ ಮೇಲೆ. ಅಂಗಾಂಶದ ದೃಷ್ಟಿಯಿಂದ ನೋಡಿದರೆ, ಅಕ್ಕನ ಮಗಳನ್ನು ಮದುವೆಯಾದ ಮಾವನಿಗೂ ಅವಳಿಗೂ ಒಂದು ಎಚ್‌ಎಲ್‌ಎ ಗುಚ್ಛ ಸಮಾನವಾಗಿರುವ ಸಾಧ್ಯತೆ ಎರಡರಲ್ಲಿ ಒಂದು. ಹಾಗಿದ್ದಲ್ಲಿ ಅವರ ಮಗುವಿಗೆ ತಾಯಿಯೋ ತಂದೆಯೋ ಪೂರ್ಣ ಹೊಂದಿಬರಬಹುದು. ಅಸ್ಥಿಮಜ್ಜೆ ಬೇಕಾದ ಮಗುವಿಗೆ ಒಡಹುಟ್ಟು ಹೊಂದದಿದ್ದಾಗ ಹೆತ್ತವರನ್ನೂ ದೊಡ್ಡ ಕುಟುಂಬವನ್ನೂ ಪರೀಕ್ಷಿಸುವುದಕ್ಕೆ ಇಂಥ ಕಡೆ ಹೆಚ್ಚು ಅರ್ಥವಿದೆ. ಇದನ್ನು ಒಳಸಂಬಂಧದ ಮದುವೆಗೆ ಸಮರ್ಥನೆಯೆಂದು ಓದಬಾರದು. ಅದೇ ಮಗುವಿಗೆ ಆನುವಂಶಿಕ ಕಾಯಿಲೆಯ ಅಪಾಯವೂ ಹೆಚ್ಚು.

ಗಂಡ ತನ್ನ ಹೆಂಡತಿಗೆ ಮೂತ್ರಪಿಂಡ ಕೊಡುವಾಗ ಇನ್ನೊಂದು ತೊಡಕು. ಬಸಿರಿನಲ್ಲಿ ಮಗುವಿನ ಮೂಲಕ ಗಂಡನ ಪ್ರತಿಜನಕಗಳಿಗೆ ಒಡ್ಡಿಕೊಂಡ ಹೆಂಡತಿಯ ದೇಹ ಅವುಗಳ ವಿರುದ್ಧ ಪ್ರತಿಕಾಯ ಬೆಳೆಸಿರಬಹುದು. ಡಯಾಲಿಸಿಸ್‌ನ ಅವಧಿಯಲ್ಲಿ ಪಡೆದ ರಕ್ತದಿಂದಲೂ ಹೀಗಾಗುತ್ತದೆ. ಫಾನ್ ರೋಡ್ ಮತ್ತು ಪೇನ್ 1958ರಲ್ಲಿ ಕಂಡದ್ದು ಬಸಿರಿನಿಂದ ಹುಟ್ಟುವ ಇಂಥ ಪ್ರತಿಕಾಯಗಳನ್ನೇ.

ಎಲ್ಲ ಕಸಿಗೂ ಒಂದೇ ಅಳತೆಯಿಲ್ಲ. ಅಸ್ಥಿಮಜ್ಜೆಗೆ ಹೊಂದಾಣಿಕೆ ಅತಿ ಮುಖ್ಯ, ಮೂತ್ರಪಿಂಡಕ್ಕೆ ಅನುಕೂಲ, ಯಕೃತ್ತಿಗೆ ರಕ್ತದ ಗುಂಪು ಮತ್ತು ಗಾತ್ರವೇ ಹೆಚ್ಚು ಮುಖ್ಯ. ಕಣ್ಣಿನ ಕಾರ್ನಿಯದಲ್ಲಿ ರಕ್ತನಾಳಗಳಿಲ್ಲದ್ದರಿಂದ ಸಾಮಾನ್ಯವಾಗಿ ಎಚ್‌ಎಲ್‌ಎ ಕೇಳುವುದೇ ಇಲ್ಲ. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳು 4 ಮಂದಿಗೆ ಬಳಕೆಯಾದವು. ಬೆನ್ನುನೋವಿಗೆ ಬರೆದುಕೊಡುವ ‘ಎಚ್‌ಎಲ್‌ಎ ಬಿ27’ ಪರೀಕ್ಷೆಗೂ ಕಸಿಗೂ ಸಂಬಂಧವಿಲ್ಲ. ಈ ಮಾದರಿಗೂ ಬೆನ್ನುಮೂಳೆ ಬಿಗಿಯುವ ಕಾಯಿಲೆಗೂ ಇರುವ ನಂಟು 1973ರಲ್ಲಿ ಗೊತ್ತಾಯಿತು.

2011ರ ತಿದ್ದುಪಡಿ ಹತ್ತಿರದ ಸಂಬಂಧಿಗಳ ಪಟ್ಟಿಗೆ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನು ಸೇರಿಸಿತು. ಹೊಂದದ ಕುಟುಂಬಗಳು ಪರಸ್ಪರ ಅಂಗ ಬದಲಿಸಿಕೊಳ್ಳಲೂ ದಾರಿ ಮಾಡಿತು. ಸೋದರಮಾವ ಆ ಪಟ್ಟಿಯಲ್ಲಿ ಸೇರಿಲ್ಲ. ಅಕ್ಕನ ಮಗಳಿಗೆ ಗಂಡನೂ ಆಗಿದ್ದರೆ ಅವನು ಹತ್ತಿರದ ಸಂಬಂಧಿ. ಬರೀ ಮಾವನಾಗಿದ್ದರೆ ಕಸಿಗೆ ಅನುಮತಿ ಕೊಡುವ ಅಧಿಕಾರ ಸಮಿತಿಯ ಒಪ್ಪಿಗೆ ಪಡೆಯಬೇಕು.