ದೆಲಕ್ರ್ವಾನ ಮೊರಾಕೊ ಚಿತ್ರಗಳು: ವರ್ಣ, ಸ್ಮೃತಿ ಮತ್ತು ಇತಿಹಾಸ

ಚಿತ್ರಪಟವನ್ನು ಇತಿಹಾಸದ ಆಧಾರವಾಗಿ ಬಳಸುವಾಗ ಎರಡು ಪ್ರಶ್ನೆಗಳು ಏಳುತ್ತವೆ. ಚಿತ್ರಕಾರನು ಕಂಡುದೇನು? ಕಂಡುದರಲ್ಲಿ ಉಳಿಸಿಕೊಂಡುದೇನು? ಶಾಸನವನ್ನೋ ಬಖೈರನ್ನೋ ಪರೀಕ್ಷಿಸುವಾಗ ನಾವು ತೋರುವ ಎಚ್ಚರವನ್ನು ಚಿತ್ರದ ವಿಷಯದಲ್ಲಿ ಸಾಮಾನ್ಯವಾಗಿ ತೋರುವುದಿಲ್ಲ. ಫ್ರಾನ್ಸಿನ ರಮ್ಯಪಂಥದ ಅಗ್ರಗಣ್ಯ ಚಿತ್ರಕಾರನಾದ ಯೂಜೀನ್ ದೆಲಕ್ರ್ವಾನ (1798-1863) ಮೊರಾಕೊ ಚಿತ್ರಗಳು ಆ ಎಚ್ಚರ ಏಕೆ ಅವಶ್ಯವೆಂಬುದನ್ನು ಚೆನ್ನಾಗಿ ತೋರಿಸಿಕೊಡುತ್ತವೆ.

1830ರಲ್ಲಿ ಫ್ರೆಂಚರು ಅಲ್ಜಿಯರ್ಸನ್ನು ಗೆದ್ದುಕೊಂಡರು. ಅದರಿಂದ ನೆರೆಯ ಮೊರಾಕೊದ ಸುಲ್ತಾನ ಅಬ್ದ್ ಅಲ್-ರಹಮಾನನೊಡನೆ ಸಂಧಾನ ನಡೆಸುವುದು ಅಗತ್ಯವಾಯಿತು. ದೊರೆ ಲೂಯಿ ಫಿಲಿಪ್ ಇದಕ್ಕಾಗಿ ಕೌಂಟ್ ದ ಮೊರ್ನೆಯ ನೇತೃತ್ವದಲ್ಲಿ ನಿಯೋಗವೊಂದನ್ನು ಕಳುಹಿಸಿದನು. ದೆಲಕ್ರ್ವಾ ಮೊರ್ನೆಯ ಸಂಗಡಿಗನಾಗಿ ಹೊರಟವನು. 1832ರ ಜನವರಿಯಲ್ಲಿ ಟ್ಯಾಂಜಿಯರನ್ನು ತಲುಪಿ, ಮಾರ್ಚ್ 22ರಂದು ಮೆಕ್ನೆಸ್ ನಗರದಲ್ಲಿ ಸುಲ್ತಾನನ ದರ್ಶನದ ಸಮಾರಂಭವನ್ನು ಕಂಡನು. ದಕ್ಷಿಣ ಸ್ಪೇನ್ ಮತ್ತು ಅಲ್ಜಿಯರ್ಸ್‌ಗಳನ್ನೂ ನೋಡಿಕೊಂಡು ಜುಲೈ ತಿಂಗಳಲ್ಲಿ ಸ್ವದೇಶಕ್ಕೆ ಹಿಂದಿರುಗಿದನು. ಯಾತ್ರೆ ಆರು ತಿಂಗಳದು. ಅದರ ಫಲವಾದರೋ ಅವನ ಜೀವಿತದ ಕೊನೆಯವರೆಗೂ ಮುಂದುವರಿಯಿತು.

ಹೋದೆಡೆಯಲ್ಲೆಲ್ಲ ಅವನು ಟಿಪ್ಪಣಿಪುಸ್ತಕಗಳಲ್ಲಿ ತ್ವರಿತರೇಖೆಗಳನ್ನೆಳೆದು, ಪಕ್ಕದಲ್ಲಿ ಬಣ್ಣಗಳ ಹೆಸರುಗಳನ್ನು ಬರೆದುಕೊಂಡನು. ಈ ಸಾಮಗ್ರಿಯಿಂದ ಮೂಡಿದ ಮೊದಲ ಮಹಾಕೃತಿ 1834ರ 'ಅಲ್ಜಿಯರ್ಸಿನ ಸ್ತ್ರೀಯರು'. ಅಲ್ಲಿ ಘಟನೆಯೆಂಬುದೇ ಇಲ್ಲ. ಅಂತಃಪುರದ ಆಲಸ್ಯಮಿಶ್ರಿತ ಮೌನವನ್ನು ವರ್ಣಗಳೇ ಹೇಳುತ್ತವೆ. ಎಡಗಡೆ ಒರಗಿದ ಸ್ತ್ರೀಯ ಕಿತ್ತಳೆಗೆಂಪು ಕುಪ್ಪಸಕ್ಕೆ ನೀಲಿಹಸಿರಿನ ಒಳಬಟ್ಟೆಯಿದೆ. ಪರಸ್ಪರ ವಿರುದ್ಧವಾದ ಈ ವರ್ಣಗಳು ಒಂದರ ಕಾಂತಿಯನ್ನೊಂದು ಹೆಚ್ಚಿಸುತ್ತವೆ. ಚಿತ್ರಕಾರ ಪಾಲ್ ಸಿನ್ಯಾಕ್ 1899ರ ತನ್ನ ಗ್ರಂಥದಲ್ಲಿ ಇಂತಹ ಪ್ರಯೋಗಗಳನ್ನು ಸೂಕ್ಷ್ಮವಾಗಿ ವಿಶ್ಲೇಷಿಸಿ, ದೆಲಕ್ರ್ವಾನನ್ನು ತನ್ನ ಪಂಥದ ಪೂರ್ವಾಚಾರ್ಯನೆಂದು ಎಣಿಸಿದನು. ದೆಲಕ್ರ್ವಾನಿಗೆ ವರ್ಣವೆಂಬುದು ವಸ್ತುವಿನ ಮೇಲಿನ ಲೇಪವಲ್ಲ; ಭಾವವನ್ನು ನೋಡುವವನಿಗೆ ನೇರವಾಗಿ ಮುಟ್ಟಿಸುವ ಸಾಧನ.

ಆದರೆ ಭಾವಕ್ಕೆ ಒದಗುವ ಸ್ಮೃತಿ ಯಥಾರ್ಥಕ್ಕೂ ಒದಗುವುದೇ? ಈ ಪ್ರಶ್ನೆಗೆ ಅವನ ದಿನಚರಿಯೇ ಉತ್ತರವೀಯುತ್ತದೆ. ಸಣ್ಣಪುಟ್ಟ ವಿವರಗಳು ಮರೆತುಹೋಗಿ, ಮನಸ್ಸಿಗೆ ನಾಟಿದ ಕಾವ್ಯಾಂಶವಷ್ಟೇ ಉಳಿದ ಮೇಲೆಯೇ ಆಫ್ರಿಕದ ಯಾತ್ರೆಯಿಂದ ತಾನು ಒಪ್ಪತಕ್ಕ ಚಿತ್ರಗಳನ್ನು ರಚಿಸಲಾರಂಭಿಸಿದೆನೆಂದು ಅವನು 1853ರಲ್ಲಿ ಬರೆದುಕೊಂಡಿದ್ದಾನೆ. ಮರೆವನ್ನು ಅವನು ಸೃಷ್ಟಿಯ ಸಹಾಯಕನೆಂದು ಭಾವಿಸಿದನು.

ಇದರ ಪರಿಣಾಮ 1845ರ ಪ್ರದರ್ಶನದಲ್ಲಿಟ್ಟ ಸುಲ್ತಾನನ ಚಿತ್ರದಲ್ಲಿ ಸ್ಪಷ್ಟವಾಗಿದೆ. ಕುದುರೆಯೇರಿದ ಸುಲ್ತಾನ, ಅವನ ಮೇಲೆ ಎತ್ತಿಹಿಡಿದ ದೊಡ್ಡ ಹಸಿರು ಛತ್ರಿ, ಹಿಂದೆ ಕೋಟೆಯ ಗೋಡೆ, ಮೇಲೆ ತಿಳಿನೀಲ ಆಕಾಶ: ಇಷ್ಟೂ ಸೇರಿ ಅಚಲವಾದ ಗಾಂಭೀರ್ಯ ತೋರುತ್ತದೆ. 1832ರಲ್ಲಿ ಚಿತ್ರಕಾರನೇ ಕಂಡ ಸಮಾರಂಭವನ್ನು ಚಿತ್ರವು ಯಥಾವತ್ತಾಗಿ ನಿರೂಪಿಸುತ್ತದೆಂದು ಪ್ರದರ್ಶನದ ಸೂಚಿಪುಸ್ತಕವು ತಿಳಿಸಿತು. ವಾಸ್ತವವಾಗಿ ಆ ಸಮಾರಂಭಕ್ಕೆ ಕಾರಣರಾದ ಫ್ರೆಂಚರೇ ಚಿತ್ರದಲ್ಲಿಲ್ಲ! ಮೊರ್ನೆಯ ನಿಯೋಗವನ್ನೊಳಗೊಂಡ ಹಿಂದಿನ ಕರಡುಚಿತ್ರವೊಂದು ದಿಜೋನ್ ನಗರದಲ್ಲಿ ಉಳಿದಿರುವುದರಿಂದ, ಇದು ಬರಿಯ ಮರೆವಿನ ಫಲವಲ್ಲವೆಂಬುದು ಸಿದ್ಧವಾಗುತ್ತದೆ. ಈ ನಡುವೆ 1844ರ ಆಗಸ್ಟಿನಲ್ಲಿ ಇಸ್ಲಿಯ ಯುದ್ಧ ನಡೆದು ಸುಲ್ತಾನನ ಸೇನೆ ಫ್ರೆಂಚರಿಗೆ ಸೋತಿತ್ತು. ಸಂಧಾನದ ದೃಶ್ಯ ಆ ವೇಳೆಗೆ ಅಪ್ರಸ್ತುತವಾಗಿದ್ದಿತೆಂದು ಊಹಿಸಬಹುದು. ಕಾರಣವೇನೇ ಇರಲಿ, ಸೋತ ದೊರೆ ಪಟದಲ್ಲಿ ಭವ್ಯನಾಗಿ ನಿಂತನು, ಗೆದ್ದವರು ಕಣ್ಮರೆಯಾದರು.

ಆದುದರಿಂದ ಈ ಚಿತ್ರವನ್ನು 1832ರ ಘಟನೆಯ ವರದಿಯೆಂದು ಓದುವುದು ಸಲ್ಲದು. 1845ರ ಪ್ಯಾರಿಸ್ ಮೊರಾಕೊವನ್ನು ಹೇಗೆ ನೆನೆಯಬಯಸಿತೆಂಬುದಕ್ಕೆ ಮಾತ್ರ ಇದು ಅಮೂಲ್ಯವಾದ ಸಾಕ್ಷಿ. ಕಲಾವಿದನಿಗೆ ಮರೆವು ವರವಾಗಬಹುದು. ಇತಿಹಾಸಕಾರನಾದರೋ ಆ ಮರೆವಿಗೂ ಕಾಲನಿರ್ದೇಶ ಮಾಡಬೇಕು. ಟಿಪ್ಪಣಿಪುಸ್ತಕ, ಕರಡು ಮತ್ತು ಪೂರ್ಣಚಿತ್ರ ಈ ಮೂರನ್ನೂ ಕಾಲಕ್ರಮದಲ್ಲಿ ಎದುರೆದುರಾಗಿರಿಸಿ ನೋಡಿದಾಗಲೇ ಅದು ಸಾಧ್ಯ.