ಕೌದಿ

ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಜೋಡಿಸಿ ಕೈಯಿಂದ ಹೊಲಿಯುವ ಹೊದಿಕೆ. ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಬಳಕೆಯಲ್ಲಿದೆ.

ಸಾಮಗ್ರಿ: ಬಾದಾಮಿ, ಹುನಗುಂದ, ಇಳಕಲ್ಲ ಭಾಗದಲ್ಲಿ ಉಟ್ಟು ಮೆತ್ತಗಾದ ಇಳಕಲ್ಲ ಸೀರೆ, ಹಳೆಯ ಧೋತರ, ಗುಳೇದಗುಡ್ಡ ಖಣದ (ರವಿಕೆ ಬಟ್ಟೆಯ) ಚೂರುಗಳು ಕೌದಿಗೆ ಸೇರುತ್ತವೆ. ಹಲವು ಸಲ ಒಗೆದ ಹತ್ತಿ ಬಟ್ಟೆ ಮೈಗೆ ಹಿತ. ಸೂಜಿಯೂ ಸಲೀಸಾಗಿ ಇಳಿಯುತ್ತದೆ.

ವಿಧಾನ: ತಳಕ್ಕೆ ಸೀರೆ ಹಾಸಿ, ನಡುವೆ ಹಳೆ ಬಟ್ಟೆ ತುಂಬಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸುತ್ತಾರೆ. ಅಂಚಿನಿಂದ ಶುರುವಾದ ಹೊಲಿಗೆ ಸಾಲುಸಾಲಾಗಿ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ಗೊಂದಳಿ ಸಮುದಾಯದ ಹೆಂಗಸರು ಕೂಲಿಗೆ ಕೌದಿ ಹೊಲಿದುಕೊಡುವುದುಂಟು.

ಹೂವಿನ ವಿನ್ಯಾಸ: ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಸಮುದಾಯದ ಮಹಿಳೆಯರ ಕೌದಿಗೆ 'ಕವಂದಿ' ಎಂಬ ಹೆಸರಿದೆ. ಅದರ ನಾಲ್ಕೂ ಮೂಲೆಗೆ ಮಡಿಸಿದ ತ್ರಿಕೋನ ಬಟ್ಟೆಯ 'ಫೂಲ' (ಹೂವು) ಕೂಡಿಸುತ್ತಾರೆ. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬರಿದು, ಅಪೂರ್ಣ.

ಮಹತ್ವ: ಅಜ್ಜಿ ಉಟ್ಟ ಸೀರೆ ಮೊಮ್ಮಗುವಿಗೆ ಹೊದಿಕೆಯಾಗುತ್ತದೆ. ಬಟ್ಟೆ ಹಾಳುಮಾಡದ ಈ ವಿವೇಕವನ್ನೂ ಹೆಣ್ಣುಮಕ್ಕಳ ಬಣ್ಣಜ್ಞಾನವನ್ನೂ ಕಲೆಯೆಂದೇ ಗೌರವಿಸಬೇಕು.